ಪ್ರಿನ್ಸ್‌ಟನ್ನಿನ ಆ ಬಂಗಲೆಯಿಂದ ಪ್ರೆಸಿಡೆಂಟರು ಯಾಕೆ ಎದ್ದು ಹೋದರು?

ಪ್ರಶ್ನೆ: ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಹೋಗಿದ್ದೆವು. ಒಂದು ದಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ತೋರಿಸಲು ಕರೆದುಕೊಂಡು ಹೋದಳು. ಕ್ಯಾಂಪಸ್ಸಿನ ನಟ್ಟನಡುವೆ ಗೋಪುರ ಇರುವ ಕಲ್ಲಿನ ದೊಡ್ಡ ಬಂಗಲೆ, ಕಬ್ಬಿಣದ ಬೇಲಿ, ಹಿಂದೆ ಚೆಂದದ ಹೂತೋಟ. ಹೆಸರು ಪ್ರಾಸ್ಪೆಕ್ಟ್ ಹೌಸ್. ಅದು ಪ್ರೆಸಿಡೆಂಟರ ಮನೆಯಾಗಿತ್ತು ಅಂತ ಅಲ್ಲಿನ ಹುಡುಗನೊಬ್ಬ ಹೇಳಿದ. ನಮ್ಮ ಯಜಮಾನರು, 'ಹೌದು, ಅಮೆರಿಕದ ಪ್ರೆಸಿಡೆಂಟ್ ವಿಲ್ಸನ್ ಇದ್ದ ಮನೆ, ಅದಕ್ಕೇ ಬೇಲಿ ಹಾಕಿದ್ದಾರೆ' ಅಂದರು. ಮಗಳು, 'ಅಲ್ಲಪ್ಪಾ, ಕಾಲೇಜಿನ ಪ್ರೆಸಿಡೆಂಟ್' ಅಂದಳು. ಐಸ್‌ಕ್ರೀಮಿಗೆ ಪಂದ್ಯ ಕಟ್ಟಿದ್ದಾರೆ, ಇನ್ನೂ ತೀರ್ಮಾನ ಆಗಿಲ್ಲ. ತೋಟದ ಕಡೆಯಿಂದ ನೋಡಿದರೆ ಗಾಜಿನ ಒಳಗೆ ಜನ ಊಟ ಮಾಡುತ್ತಿದ್ದರು. ಹಾಗಾದರೆ ಪ್ರೆಸಿಡೆಂಟರು ಎಲ್ಲಿ ಹೋದರು? ಅಷ್ಟು ಚೆಂದದ ಮನೆ ಯಾಕೆ ಬಿಟ್ಟರು? — ಬೆಳಗಾವಿಯ ಓದುಗರು

ಉತ್ತರ:

ಪಂದ್ಯದ ತೀರ್ಪು ಕೊನೆಗೆ ಕೊಡುತ್ತೇನೆ, ಸ್ವಲ್ಪ ತಾಳಿ. ಮೊದಲು ಈ 'ಪ್ರೆಸಿಡೆಂಟ್' ಪದದ ಗೊಂದಲ ಬಿಡಿಸೋಣ. ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರನ್ನೂ ಪ್ರೆಸಿಡೆಂಟ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಕುಲಪತಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಹಣ ಎತ್ತುವುದು ಮಾತ್ರ ಅವರಿಗೆ ಜಾಸ್ತಿ. ಪ್ರಿನ್ಸ್‌ಟನ್ನಿನಲ್ಲಿ ಈ ಗೊಂದಲ ಇನ್ನೂ ಹೆಚ್ಚಾಗಲು ವುಡ್ರೋ ವಿಲ್ಸನ್ನೇ ಕಾರಣ. ಅವರು 1902ರಿಂದ 1910ರವರೆಗೆ ವಿಶ್ವವಿದ್ಯಾಲಯದ ಪ್ರೆಸಿಡೆಂಟ್, ಆಮೇಲೆ 1913ರಿಂದ 1921ರವರೆಗೆ ದೇಶದ ಪ್ರೆಸಿಡೆಂಟ್. ಹಾಗಾಗಿ ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ.

ಪ್ರಾಸ್ಪೆಕ್ಟ್ ಕಥೆ ಅರ್ಥ ಆಗಬೇಕಾದರೆ ಮೂರು ಮನೆಗಳ ಕಥೆ ಹೇಳಬೇಕು. 1756ರಿಂದ 1878ರವರೆಗೆ ಒಂದು ಮನೆ, 1878ರಿಂದ 1968ರವರೆಗೆ ನೀವು ನೋಡಿದ ಪ್ರಾಸ್ಪೆಕ್ಟ್, ಅಲ್ಲಿಂದ ಮುಂದೆ ಮೂರನೆಯದು. ಮೊದಲನೆಯದನ್ನು ನೀವು ನೋಡಿಯೇ ಇರುತ್ತೀರಿ, ಗಮನಿಸಿಲ್ಲ ಅಷ್ಟೆ. ಮುಖ್ಯ ರಸ್ತೆಯ ಗೇಟಿನಿಂದ ಒಳಗೆ ಬಂದರೆ ಎದುರಿಗೆ ನಾಸಾ ಹಾಲ್ ಅನ್ನುವ ಹಳೇ ಕಾಲೇಜು ಕಟ್ಟಡ ಇದೆಯಲ್ಲ, ಅದರ ಮುಂದೆ ಬಲಗಡೆಗೆ ಹಳದಿ ಬಣ್ಣದ ಇಟ್ಟಿಗೆ ಮನೆ. ಈಗ ಅದಕ್ಕೆ ಮಕ್ಲೇನ್ ಹೌಸ್ ಅನ್ನುತ್ತಾರೆ. ದೊಡ್ಡದೇನಲ್ಲ. ನಮ್ಮ ಕಡೆಯ ಹಳೇ ವಾಡೆಗಳ ಪಕ್ಕ ನಿಲ್ಲಿಸಿದರೆ ಸಣ್ಣದಾಗಿಯೇ ಕಾಣುತ್ತದೆ.

ಆ ಮನೆ ಕಟ್ಟಿದ್ದು 1756ರಲ್ಲಿ, ನಾಸಾ ಹಾಲ್ ಜೊತೆಜೊತೆಗೇ. ಎರಡನ್ನೂ ಕಟ್ಟಿದವರು ಫಿಲಡೆಲ್ಫಿಯಾದ ರಾಬರ್ಟ್ ಸ್ಮಿತ್. ಬಡಗಿ ಕೆಲಸದಿಂದ ಮೇಲೆ ಬಂದ ಕಟ್ಟಡಗಾರ. ಆಗ ಇದರ ಹೆಸರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅಲ್ಲ, ಕಾಲೇಜ್ ಆಫ್ ನ್ಯೂಜೆರ್ಸಿ. ಕಾಲೇಜು ನ್ಯೂವಾರ್ಕ್ ಊರಿನಲ್ಲಿತ್ತು, ಅಲ್ಲಿಂದ ಇಲ್ಲಿಗೆ ಬಂತು. ಹುಡುಗರ ಊಟ, ನಿದ್ದೆ, ಪಾಠ, ಪ್ರಾರ್ಥನೆ ಎಲ್ಲ ನಾಸಾ ಹಾಲ್ ಒಳಗೇ. ಪ್ರೆಸಿಡೆಂಟರ ಮನೆ ಅಂಗಳದಾಚೆಗೆ. ಕಿಟಕಿ ತೆಗೆದರೆ ಹುಡುಗರ ಗಲಾಟೆ ಕೇಳಬೇಕು, ಅಷ್ಟು ಹತ್ತಿರ.

ಆದರೆ ಆ ಮನೆಗೆ ಮೊದಮೊದಲು ಏನೋ ಶಾಪ ತಟ್ಟಿದ ಹಾಗಿತ್ತು. ಮೊದಲು ಬಂದವರು ಆರನ್ ಬರ್. 1757ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಅವರ ಮಾವ ಜೊನಾಥನ್ ಎಡ್ವರ್ಡ್ಸ್ ಬಂದರು. ದೊಡ್ಡ ಧರ್ಮಪಂಡಿತ. ಊರಲ್ಲಿ ಸಿಡುಬು ಹಬ್ಬಿತ್ತು, ಮುನ್ನೆಚ್ಚರಿಕೆಗೆ ಅಂತ ಸಿಡುಬು ಹಾಕಿಸಿಕೊಂಡರು, ಅದೇ ಮೈಮೇಲೆ ಬಂದು 1758ರ ಮಾರ್ಚ್ 22ರಂದು ಹೋಗಿಬಿಟ್ಟರು. ಮುಂದಿನ ತಿಂಗಳು ಮಗಳೂ, ಅಂದರೆ ಬರ್ ಅವರ ಹೆಂಡತಿಯೂ ಹೋದರು. ಆಮೇಲೆ ಬಂದ ಸ್ಯಾಮ್ಯುಯೆಲ್ ಡೇವಿಸ್ 1761ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 37 ವರ್ಷ. ಅವರ ನಂತರದ ಸ್ಯಾಮ್ಯುಯೆಲ್ ಫಿನ್ಲಿ 1766ರಲ್ಲಿ. ಹತ್ತು ವರ್ಷಕ್ಕೆ ನಾಲ್ಕು ಪ್ರೆಸಿಡೆಂಟರು! ಬರ್ ದಂಪತಿಯ ಅನಾಥ ಮಗನ ಹೆಸರೂ ಆರನ್ ಬರ್. ಮುಂದೆ ದೇಶದ ಉಪಾಧ್ಯಕ್ಷನಾಗಿದ್ದಾಗಲೇ, 1804ರಲ್ಲಿ, ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ್ನು ದ್ವಂದ್ವಯುದ್ಧದಲ್ಲಿ ಗುಂಡಿಟ್ಟು ಕೊಂದವನು ಇವನೇ.

ಫಿನ್ಲಿ ಸತ್ತ ಮೇಲೆ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವರ ಆಸ್ತಿ ಹರಾಜಿಗೆ ಬಂತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. 1766ರ ಆಗಸ್ಟ್ 19ಕ್ಕೆ ಪ್ರೆಸಿಡೆಂಟರ ಮನೆಯಲ್ಲಿ ಹರಾಜು. ಏನೇನು ಮಾರಾಟಕ್ಕಿದೆ ಅಂತ ಪಟ್ಟಿ ಇದೆ. ಮನೆ ಸಾಮಾನು, ಕುದುರೆ, ದನ, ಒಂದು ಹಗುರ ಬಂಡಿ, ಹಿಮದ ಮೇಲೆ ಎಳೆಯುವ ಒಂದು ಹೊಸ ಗಾಡಿ, ಹುಲ್ಲು, ಕಾಳು, ಬೇಸಾಯದ ಸಲಕರಣೆ. ಇವೆಲ್ಲ ಪಟ್ಟಿಯ ಕೊನೆಗೆ. ಮೊದಲಿಗೆ ಇರುವುದು ಆರು ಜನ: ಇಬ್ಬರು ಕಪ್ಪು ಹೆಂಗಸರು, ಒಬ್ಬ ಗಂಡಸು, ಮೂರು ಮಕ್ಕಳು. ಹೆಸರಿಲ್ಲ. ಗುಲಾಮರು ಅಂದಮೇಲೆ ಅವರೂ ಆಸ್ತಿಯೇ, ಹುಲ್ಲಿನ ಬಣವೆಯ ಹಾಗೆ. ಮಾರುವುದಕ್ಕೆ ಗೊತ್ತು ಮಾಡಿದ ಜಾಗ, ಒಬ್ಬ ಪಾದ್ರಿ ಪ್ರೆಸಿಡೆಂಟಾಗಿದ್ದ ಕಾಲೇಜಿನ ಅಂಗಳ.

ಇದು ಫಿನ್ಲಿ ಒಬ್ಬರ ಕಥೆ ಅಂತ ತಿಳಿಯಬೇಡಿ. ಮೊದಲ ಒಂಬತ್ತು ಪ್ರೆಸಿಡೆಂಟರೂ ಬದುಕಿನ ಒಂದಲ್ಲ ಒಂದು ಹೊತ್ತಿನಲ್ಲಿ ಗುಲಾಮರನ್ನು ಇಟ್ಟುಕೊಂಡವರೇ. ಆರನೆಯವರಾದ ಜಾನ್ ವಿದರ್‌ಸ್ಪೂನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಒಬ್ಬನೇ ಒಬ್ಬ ಪಾದ್ರಿ, ಅವರೂ ಹೊರತಲ್ಲ. ವಿಶ್ವವಿದ್ಯಾಲಯ ಈ ಲೆಕ್ಕವನ್ನು ಬಾಯಿ ಬಿಟ್ಟು ಹೇಳಿದ್ದು ತೀರಾ ಈಚೆಗೆ. 2017ರಲ್ಲಿ ಗುಲಾಮಗಿರಿಯ ಜೊತೆ ತನಗಿದ್ದ ನಂಟಿನ ದಾಖಲೆಗಳನ್ನೆಲ್ಲ ಬಯಲಿಗಿಟ್ಟಿತು. ಅದೇ ವರ್ಷ ಟೈಟಸ್ ಕೇಫರ್ ಎಂಬ ಕಲಾವಿದ ಮಾಡಿದ ಶಿಲ್ಪವನ್ನು ಆ ಹಳದಿ ಮನೆಯ ಮುಂದೆ ಕೆಲ ದಿನ ಇಟ್ಟಿದ್ದರು. ವಿಷಯ ಅದೇ, 1766ರ ಹರಾಜು. ಈಗ ಮನೆಯ ಮುಂದೆ, ಅಲ್ಲಿ ದುಡಿದ ಗುಲಾಮರ ನೆನಪಿಗೆ ಒಂದು ಫಲಕ ಇದೆ.

ಒಂದು ಹೆಸರು ಮಾತ್ರ ನೆನಪಿಡಿ: ಬೆಟ್ಸಿ ಸ್ಟಾಕ್ಟನ್. 1798ರ ಸುಮಾರಿಗೆ ಗುಲಾಮಳಾಗಿಯೇ ಹುಟ್ಟಿದವಳು. ಆಶ್ಬೆಲ್ ಗ್ರೀನ್ ಅವರ ಮನೆಯಲ್ಲಿ ಕೆಲಸಕ್ಕಿದ್ದಳು. ಗ್ರೀನ್ 1812ರಿಂದ 1822ರವರೆಗೆ ಪ್ರೆಸಿಡೆಂಟ್. ಅವರ ಮನೆಯ ಪುಸ್ತಕಗಳನ್ನೇ ಓದಿ ಓದಿ ಬಲಿತಳು, ಬಿಡುಗಡೆ ಸಿಕ್ಕಿತು, 1822ರಲ್ಲಿ ಮಿಷನರಿಗಳ ಜೊತೆ ಹಡಗು ಹತ್ತಿ ಹವಾಯಿಗೆ ಹೋಗಿ ಅಲ್ಲಿನ ಸಾಮಾನ್ಯ ಜನರಿಗೆ ಶಾಲೆ ನಡೆಸಿದಳು. ಆಮೇಲೆ ಪ್ರಿನ್ಸ್‌ಟನ್ನಿಗೇ ವಾಪಸ್ ಬಂದು 1865ರಲ್ಲಿ ಸಾಯುವವರೆಗೆ ಕಪ್ಪು ಮಕ್ಕಳಿಗೆ ಟೀಚರಾಗಿದ್ದಳು. ಕ್ಯಾಂಪಸ್ಸಿನ ಲೈಬ್ರರಿ ಪಕ್ಕದ ತೋಟಕ್ಕೆ 2018ರಲ್ಲಿ ಅವಳ ಹೆಸರಿಟ್ಟಿದ್ದಾರೆ. ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಬಾಳಿದ ಎಷ್ಟೋ ಪ್ರೆಸಿಡೆಂಟರಿಗಿಂತ ಅವಳದ್ದೇ ದೊಡ್ಡ ಬದುಕು.

ಸರಿ, ಈಗ ನಿಮ್ಮ ಗೋಪುರದ ಬಂಗಲೆಗೆ ಬರೋಣ.

ಪ್ರಾಸ್ಪೆಕ್ಟ್ ಅನ್ನೋದು ಮೊದಲು ಒಂದು ಹೊಲಮನೆಯ ಹೆಸರು. ಬ್ರಿಟಿಷರ ವಿರುದ್ಧ ಅಮೆರಿಕದ ಕ್ರಾಂತಿ ನಡೆದ ಕಾಲದಲ್ಲಿ ಕರ್ನಲ್ ಜಾರ್ಜ್ ಮಾರ್ಗನ್ ಎಂಬವರು ಅಲ್ಲಿ ಕಲ್ಲಿನ ಮನೆಯಲ್ಲಿದ್ದು ಬೇಸಾಯ ಮಾಡಿಸುತ್ತಿದ್ದರು. ಜಾಗ ಎತ್ತರದಲ್ಲಿತ್ತು, ಪೂರ್ವಕ್ಕೆ ದೂರದೂರ ಕಾಣುತ್ತಿತ್ತು, ಅದಕ್ಕೇ ಆ ಹೆಸರು. ಪ್ರಾಸ್ಪೆಕ್ಟ್ ಅಂದರೆ ನೋಟ ಅಂತ. ಈಗ ಅಲ್ಲಿ ನಿಂತು ನೋಡಿದರೆ ನೋಟವೂ ಇಲ್ಲ ಎಂಥದೂ ಇಲ್ಲ, ಸುತ್ತ ಕಟ್ಟಡಗಳೇ. ಮಾರ್ಗನ್ ಸರ್ಕಾರದ ಪರವಾಗಿ ಮೂಲನಿವಾಸಿಗಳ ಜೊತೆ ವ್ಯವಹಾರ ನೋಡಿಕೊಳ್ಳುತ್ತಿದ್ದವರು. 1779ರಲ್ಲಿ ಡೆಲವೇರ್ ಬುಡಕಟ್ಟಿನ ಮುಖಂಡರು ಬಂದಾಗ ಇದೇ ಹೊಲದಲ್ಲಿ ಬೀಡು ಬಿಟ್ಟಿದ್ದರು.

1824ರಲ್ಲಿ ಹೊಲಮನೆ ಜಾನ್ ಪಾಟರ್ ಕೈಗೆ ಬಂತು. ಇವರು ದಕ್ಷಿಣದ ಚಾರ್ಲ್ಸ್‌ಟನ್ನಿನ ಶ್ರೀಮಂತ ವ್ಯಾಪಾರಿ. ಆ ಕುಟುಂಬಕ್ಕೆ ಜಾರ್ಜಿಯಾದ ಸವಾನಾ ನದಿ ದಂಡೆಯಲ್ಲಿ ಭತ್ತದ ಗದ್ದೆಗಳಿದ್ದವು. ಭತ್ತ ಅಂದರೆ ನಮ್ಮಲ್ಲಿ ಮನೆಮಂದಿಯೆಲ್ಲ ಗದ್ದೆಗಿಳಿಯುವ ಚಿತ್ರ ಕಣ್ಣಿಗೆ ಬರುತ್ತದೆ. ಅಲ್ಲಿ ಹಾಗಲ್ಲ. ಕೆಸರಿಗಿಳಿದವರೆಲ್ಲ ಗುಲಾಮರು, ಯಜಮಾನರು ಸಾವಿರ ಕಿಲೋಮೀಟರ್ ಆಚೆ ತಂಪಾದ ಊರಿನಲ್ಲಿ. ಪಾಟರ್ ಮಗ ಥಾಮಸ್ 1850ರ ಆಸುಪಾಸಿನಲ್ಲಿ ಹಳೇ ಕಲ್ಲುಮನೆ ಕೆಡವಿ ಹೊಸ ಬಂಗಲೆ ಕಟ್ಟಿಸಿದ. ನೀವು ನೋಡಿದ್ದು ಅದನ್ನೇ. ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ನಕ್ಷೆ ಹಾಕಿದವರು ಜಾನ್ ನಾಟ್‌ಮನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಫಿಲಡೆಲ್ಫಿಯಾಕ್ಕೆ ಬಂದು ನೆಲೆಸಿದ ವಾಸ್ತುಶಿಲ್ಪಿ. ಇಟಲಿಯ ಹಳ್ಳಿ ಬಂಗಲೆಗಳ ಶೈಲಿಯನ್ನು ಅಮೆರಿಕಕ್ಕೆ ತಂದವರಲ್ಲಿ ಇವರದ್ದೇ ಮೊದಲ ಹೆಸರು. ಈ ಶೈಲಿಯ ಗುಟ್ಟು ಏನು ಗೊತ್ತಾ? ಗೋಪುರ ಮಧ್ಯಕ್ಕಿರಲ್ಲ, ಒಂದು ಮೂಲೆಗೆ ಸರಿದಿರುತ್ತದೆ. ನಿಮ್ಮ ಫೋಟೋ ತೆಗೆದು ನೋಡಿ. ಎಡಕ್ಕೂ ಬಲಕ್ಕೂ ಸಮ ಇಲ್ಲ. ಕಿಟಕಿಗಳ ತಲೆ ಕಮಾನಿನ ಹಾಗೆ ದುಂಡಗೆ, ಚಾವಣಿ ಇಳಿಜಾರು ಕಡಿಮೆ, ಸೂರು ಮುಂದಕ್ಕೆ ಚಾಚಿಕೊಂಡಿದೆ. ಮೊದಲ ಮನೆ ಅಳತೆ ಪಟ್ಟಿ ಹಿಡಿದು ಕಟ್ಟಿದ ಹಾಗೆ ಎರಡೂ ಕಡೆ ಸಮನಾಗಿದ್ದರೆ, ಇದು ಬೇಕಂತಲೇ ಸಮ ತಪ್ಪಿಸಿದ್ದು. 1855ರಲ್ಲಿ ನಾಸಾ ಹಾಲಿಗೆ ಬೆಂಕಿ ಬಿದ್ದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರೂ ಇದೇ ನಾಟ್‌ಮನ್. ಅಲ್ಲೂ ಸುಮ್ನಿರದೆ ಎರಡು ತುದಿಗೂ ಒಂದೊಂದು ಇಟಲಿ ಗೋಪುರ ಸಿಕ್ಕಿಸಿದ್ದರು. 1905ರಲ್ಲಿ ಅವುಗಳ ತಲೆ ಕತ್ತರಿಸಿದರು. ಒಳ್ಳೇದೇ ಮಾಡಿದರು.

ಬಂಗಲೆ ಕಾಲೇಜಿಗೆ ಬಂದದ್ದು 1878ರಲ್ಲಿ. ಕೊಂಡು ದಾನ ಕೊಟ್ಟವರು ರಾಬರ್ಟ್ ಮತ್ತು ಅಲೆಕ್ಸಾಂಡರ್ ಸ್ಟುವರ್ಟ್ ಅಣ್ಣತಮ್ಮಂದಿರು. ನ್ಯೂಯಾರ್ಕಿನಲ್ಲಿ ಅಪ್ಪನ ಮಿಠಾಯಿ ಅಂಗಡಿಯಿಂದ ಶುರು ಮಾಡಿ, ಹಬೆ ಯಂತ್ರದಲ್ಲಿ ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆ ಹಾಕಿ ಕುಬೇರರಾದವರು. ಇವರದ್ದೂ ಸ್ಕಾಟಿಷ್ ಮನೆತನ. ಆಗಿನ ಪ್ರೆಸಿಡೆಂಟ್ ಜೇಮ್ಸ್ ಮಕಾಶ್ ಅವರೂ ಸ್ಕಾಟ್ಲೆಂಡಿನವರು. ಊರವರು ಊರವರಿಗೆ ಆಗೋದು ಎಲ್ಲ ಕಡೆ ಇದ್ದದ್ದೇ ಅಲ್ವಾ. ಭತ್ತದ ದುಡ್ಡಿನ ಮನೆ ಸಕ್ಕರೆ ದುಡ್ಡಿಗೆ ಕೈ ಬದಲಾಗಿ ಕಾಲೇಜಿನದಾಯಿತು. ಒಬ್ಬ ಕಾಲೇಜು ಮುಖ್ಯಸ್ಥನಿಗೆ ಇದಕ್ಕಿಂತ ಒಳ್ಳೆ ಮನೆ ಪ್ರಪಂಚದಲ್ಲೇ ಇಲ್ಲ ಅನ್ನೋದು ಮಕಾಶ್ ಅವರ ಅಭಿಪ್ರಾಯ. ಹಳದಿ ಮನೆ ಡೀನ್ ಅವರ ಪಾಲಿಗೆ ಹೋಯಿತು.

ಮಕಾಶ್ ಅವರಿಗಿಂತ ನನಗೆ ಇಷ್ಟ ಅವರ ಹೆಂಡತಿ ಇಸಬೆಲ್ಲಾ. ಹುಡುಗರಿಗೆ ಜ್ವರ ಬಂತು, ಹೊಟ್ಟೆ ಕೆಟ್ಟಿತು ಅಂತ ಸುದ್ದಿ ಬಂದರೆ ಈಯಮ್ಮ ಬಂಗಲೆಯಿಂದ ತಾವೇ ಹೊರಟು ಹಾಸ್ಟೆಲ್ ಕೋಣೆಗೆ ಹೋಗಿ ಉಪಚಾರ ಮಾಡುತ್ತಿದ್ದರು. ಕಾಲೇಜಿಗೆ ಆಸ್ಪತ್ರೆ ಅಂತ ಏನೂ ಇರಲಿಲ್ಲ. ಆಮೇಲೆ 1892ರಲ್ಲಿ ಆಸ್ಪತ್ರೆ ಕಟ್ಟಿದಾಗ ಅವರ ಹೆಸರನ್ನೇ ಇಟ್ಟರು. ಬಂಗಲೆ ದೊಡ್ಡದಾಗಿತ್ತು, ಆದರೆ ಬಾಗಿಲಿಗೂ ಹುಡುಗರಿಗೂ ನಡುವೆ ಇನ್ನೂ ಏನೂ ಅಡ್ಡ ಬಂದಿರಲಿಲ್ಲ.

ಅಡ್ಡ ಬಂದದ್ದು ವಿಲ್ಸನ್ ಕಾಲದಲ್ಲಿ. 1902ರಲ್ಲಿ ಪ್ರೆಸಿಡೆಂಟಾದರು. ಹೆಂಡತಿ ಎಲೆನ್, ಮೂವರು ಹೆಣ್ಣುಮಕ್ಕಳು. ಎಲೆನ್ ಚಿತ್ರ ಬರೆಯುತ್ತಿದ್ದ ಹೆಂಗಸು, ಕಣ್ಣಿಗೆ ಹದ ಗೊತ್ತಿತ್ತು. ನೀವು ಮೆಚ್ಚಿದ ಹಿಂದಿನ ಹೂತೋಟಕ್ಕೆ ಇವತ್ತಿನ ರೂಪ ಕೊಟ್ಟದ್ದು ಅವರೇ. ತೋಟದ ಹಿಂದೆ ಗೋಡೆ ಹಾಗೆ ನಿಂತಿರುವ ದಟ್ಟ ಹಸಿರು ಮರಗಳಿವೆಯಲ್ಲ, ಹೆಮ್‌ಲಾಕ್, ಅವನ್ನು ಮುಂದೆ ನಿಂತು ನೆಡಿಸಿದವರೂ ಅವರೇ.

ಆದರೆ ಅಷ್ಟು ಹೊತ್ತಿಗೆ ಕ್ಯಾಂಪಸ್ ಬೆಳೆಯುತ್ತಾ ಬೆಳೆಯುತ್ತಾ ಬಂಗಲೆಯ ಹಿತ್ತಲಿಗೇ ಬಂದು ಮುಟ್ಟಿತ್ತು. ಪಕ್ಕದಲ್ಲೇ 1904ರಲ್ಲಿ '1879 ಹಾಲ್' ಎದ್ದಿತು (ವಿಲ್ಸನ್ ಬ್ಯಾಚಿನವರೇ ಕಟ್ಟಿಸಿಕೊಟ್ಟದ್ದು, ಅದರ ಗೋಪುರದಲ್ಲಿ ವಿಲ್ಸನ್ ಆಫೀಸು), 1907ಕ್ಕೆ ಮಕಾಶ್ ಹಾಲ್. ಹುಡುಗರಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಅಡ್ಡದಾರಿ ಅಂದರೆ ಪ್ರೆಸಿಡೆಂಟರ ತೋಟ. ಫುಟ್‌ಬಾಲ್ ಮ್ಯಾಚ್ ಇದ್ದ ದಿನವಂತೂ ಕೇಳಲೇಬೇಡಿ, ಜಾತ್ರೆ ಜನದ ಹಾಗೆ ನುಗ್ಗಿ ಹೂವು ಹುಲ್ಲು ಎಲ್ಲ ತುಳಿದು ಹಾಕುತ್ತಿದ್ದರು. ವಿಲ್ಸನ್ ರೋಸಿಹೋಗಿ 1904ರಲ್ಲಿ ಸುತ್ತ ಐದು ಎಕರೆಗೆ ಕಬ್ಬಿಣದ ಬೇಲಿ ಹಾಕಿಸಿದರು. ನೀವು ನೋಡಿದ ಬೇಲಿ. ಹುಡುಗರಿಗೆ ಇದು ಹಿಡಿಸಲಿಲ್ಲ, ಹಿಡಿಸುತ್ತದಾದರೂ ಹೇಗೆ? ನೂರೈವತ್ತು ವರ್ಷ ಪ್ರೆಸಿಡೆಂಟರ ಅಂಗಳ ಅಂದರೆ ತಮ್ಮದೇ ಅಂಗಳ ಅಂದುಕೊಂಡಿದ್ದವರಿಗೆ ಇದ್ದಕ್ಕಿದ್ದ ಹಾಗೆ ಸರಳು ಬಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ.

ನಾನು ಆ ಬೇಲಿಯನ್ನು ಮುಟ್ಟಿ ನೋಡಿದ್ದೇನೆ. ಕೋಟೆಯಂಥದ್ದೇನಲ್ಲ. ಸರಳುಗಳ ನಡುವೆ ಒಳಗಿನದೆಲ್ಲ ಕಾಣುತ್ತದೆ. ಬಳಸಿಕೊಂಡು ಹೋಗು ಅನ್ನುವಷ್ಟು ಗಟ್ಟಿ, ಅಷ್ಟೆ. ತಮಾಷೆ ಅಂದರೆ, ಹುಡುಗರು ಮೇಷ್ಟರು ಎಲ್ಲ ಒಂದೇ ಅಂಗಳದಲ್ಲಿ ಬದುಕಬೇಕು, ಒಟ್ಟಿಗೆ ಉಣ್ಣಬೇಕು ಅಂತ ಜೋರಾಗಿ ವಾದ ಮಾಡಿದವರೂ ಇದೇ ವಿಲ್ಸನ್. ಸ್ನಾತಕೋತ್ತರ ಕಾಲೇಜನ್ನು ಕ್ಯಾಂಪಸ್ಸಿನ ನಡುವೆಯೇ ಕಟ್ಟಬೇಕು ಅಂತ ಹಟ ಹಿಡಿದು, ದೂರ ಕಟ್ಟಬೇಕು ಅನ್ನುವ ಡೀನ್ ಆಂಡ್ರೂ ವೆಸ್ಟ್ ಜೊತೆ ವರ್ಷಗಟ್ಟಲೆ ಜಗಳ ಆಡಿ ಕೊನೆಗೆ ಸೋತರು. ಸೋತ ವರ್ಷವೇ, 1910ರಲ್ಲಿ, ರಾಜೀನಾಮೆ ಕೊಟ್ಟು ನ್ಯೂಜೆರ್ಸಿಯ ಗವರ್ನರ್ ಚುನಾವಣೆಗೆ ನಿಂತು ಗೆದ್ದರು. ಬಂಗಲೆ ಬಿಡಬೇಕಾಯಿತು. ಗವರ್ನರಿಗೆ ಆಗ ವರ್ಷವಿಡೀ ಇರುವಂಥ ಸರ್ಕಾರಿ ಮನೆ ಇರಲಿಲ್ಲ. ಐದು ಎಕರೆ ಬಂಗಲೆಯಲ್ಲಿ ಇದ್ದವರು ಹೆಂಡತಿ ಮಕ್ಕಳ ಜೊತೆ ಊರಿನ ಒಂದು ಹೋಟೆಲಿನಲ್ಲಿ ಸಂಸಾರ ಹೂಡಿದರು. ಆಮೇಲೆ ಒಂದು ಬಾಡಿಗೆ ಮನೆ. 1912ರಲ್ಲಿ ದೇಶದ ಪ್ರೆಸಿಡೆಂಟಾಗಿ ಗೆದ್ದ ಸುದ್ದಿ ಬಂದದ್ದೂ ಆ ಬಾಡಿಗೆ ಮನೆಗೇ, ಪ್ರಾಸ್ಪೆಕ್ಟಿಗೆ ಅಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಆ ಹೊತ್ತಿಗೆ ಪ್ರಾಸ್ಪೆಕ್ಟಿಗೆ ಬಂದವರು ಯಾರು ಗೊತ್ತಾ? ಜಾನ್ ಹಿಬೆನ್. ವಿಲ್ಸನ್ ಅವರ ಜೀವದ ಗೆಳೆಯ, 1907ರಲ್ಲಿ ವಿಲ್ಸನ್ ಯೋಜನೆಯೊಂದನ್ನು ವಿರೋಧಿಸಿದ್ದಕ್ಕೆ ಗೆಳೆತನ ಕಳೆದುಕೊಂಡವರು. ಆ ಬಿರುಕು ಕೂಡಲೇ ಇಲ್ಲ. ಹಿಬೆನ್ 1932ರವರೆಗೆ, ಅವರ ನಂತರ ಹೆರಾಲ್ಡ್ ಡಾಡ್ಸ್ 1933ರಿಂದ 1957ರವರೆಗೆ. ಇವರ ಕಾಲದ ಬಂಗಲೆಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಔತಣ, ಚಹಾ, ದೊಡ್ಡಮನುಷ್ಯರ ಭೇಟಿ.

ಈಗ ಬೆಳಗಾವಿಯವರಾದ ನಿಮಗೆ ಖುಷಿ ಆಗುವ ಸುದ್ದಿ. ಹಿಂಡಲಗಾ ದಾಟಿ, ಅಂಬೋಲಿ ಘಾಟ್ ಇಳಿದು, ಸಾವಂತವಾಡಿ ಮೇಲೆ ಹೋದರೆ ಸಮುದ್ರದ ದಂಡೆಗೆ ಯಾವ ಊರು ಸಿಗುತ್ತದೆ? ವೆಂಗುರ್ಲಾ. ಪ್ರಾಸ್ಪೆಕ್ಟ್ ಬಂಗಲೆಯಲ್ಲಿ ವಾಸ ಇದ್ದ ಕೊನೆಯ ಪ್ರೆಸಿಡೆಂಟ್ ರಾಬರ್ಟ್ ಗೊಹೀನ್ ಹುಟ್ಟಿದ್ದು ಆ ವೆಂಗುರ್ಲಾದಲ್ಲಿ! ತಾರೀಕು ಇನ್ನೂ ಚೆನ್ನಾಗಿದೆ: 1919ರ ಆಗಸ್ಟ್ 15. ಅಪ್ಪ ಅಮ್ಮ ಪ್ರೆಸ್ಬಿಟೇರಿಯನ್ ವೈದ್ಯಕೀಯ ಮಿಷನ್ನಿನವರು. ಹುಡುಗ ಕೊಡೈಕೆನಾಲ್ ಶಾಲೆಯಲ್ಲಿ ಓದಿ, ಹರೆಯದಲ್ಲಿ ಅಮೆರಿಕಕ್ಕೆ ಹೋದ. ಗ್ರೀಕ್ ಲ್ಯಾಟಿನ್ ಮೇಷ್ಟರಾದರು. 1957ರಲ್ಲಿ ಪ್ರೆಸಿಡೆಂಟಾದಾಗ ಇನ್ನೂ ನಲವತ್ತು ತುಂಬಿರಲಿಲ್ಲ, ಪೂರ್ತಿ ಪ್ರೊಫೆಸರ್ ಕೂಡ ಆಗಿರಲಿಲ್ಲ. 1969ರಲ್ಲಿ ಪ್ರಿನ್ಸ್‌ಟನ್ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಪದವಿಗೆ ಸೇರಿಸಿಕೊಂಡದ್ದು ಇವರ ಕಾಲದಲ್ಲೇ. ನಿವೃತ್ತಿಯಾದ ಮೇಲೆ 1977ರಿಂದ 1980ರವರೆಗೆ ಭಾರತಕ್ಕೆ ಅಮೆರಿಕದ ರಾಯಭಾರಿ.

ಬಂಗಲೆ ಬಿಟ್ಟವರು ಇವರೇ. 1968ರಲ್ಲಿ. ಆರು ಮಕ್ಕಳ ಸಂಸಾರ. ಮನೆ ದೊಡ್ಡದಿತ್ತು ನಿಜ, ಆದರೆ ಯೋಚನೆ ಮಾಡಿ. ವಿಲ್ಸನ್ ಬೇಲಿ ಹಾಕುವಾಗ ಕ್ಯಾಂಪಸ್ ಹಿತ್ತಲಿಗೆ ಬಂದಿತ್ತು, ಅರವತ್ತು ವರ್ಷದಲ್ಲಿ ನಾಲ್ಕೂ ಕಡೆ ಸುತ್ತಿಕೊಂಡಿತ್ತು. ಅಡಿಗೆಮನೆ ಕಿಟಕಿ ತೆಗೆದರೆ ಕ್ಲಾಸ್‌ರೂಮ್. ಮಕ್ಕಳು ಸೈಕಲ್ ತೆಗೆದುಕೊಂಡು ಗೇಟು ದಾಟಿದರೆ ವಿದ್ಯಾರ್ಥಿಗಳ ಹಿಂಡು. ಜೊತೆಗೆ ಮೇಷ್ಟರುಗಳ ಸಂಖ್ಯೆಯೂ ಏರಿತ್ತು, ಅವರಿಗೆ ಕೂತು ಉಂಡು ಮಾತಾಡಲು ಒಂದು ಜಾಗ ಬೇಕಿತ್ತು. ಕ್ಯಾಂಪಸ್ಸಿನ ನಟ್ಟನಡುವಿನ ಜಾಗ ಒಂದು ಸಂಸಾರಕ್ಕೆ ಎಷ್ಟು ತೊಂದರೆಯೋ ಒಂದು ಊಟದ ಮನೆಗೆ ಅಷ್ಟೇ ಅನುಕೂಲ. ಹಾಗಾಗಿ ಅದಲು ಬದಲು ಸಲೀಸಾಗಿ ಆಯಿತು. ಹಿಂಭಾಗಕ್ಕೆ ತೋಟದ ಕಡೆ ಮುಖ ಮಾಡಿದ ಗಾಜಿನ ಗೋಡೆಯ ಊಟದ ಹಾಲ್ ಸೇರಿಸಿದರು. ಅದರ ವಿನ್ಯಾಸ ವಾರನ್ ಪ್ಲಾಟ್ನರ್ ಅವರದ್ದು, ತಂತಿ ಬಾಗಿಸಿ ಮಾಡಿದ ಕುರ್ಚಿಗಳಿಂದ ಹೆಸರಾದವರು. ನೀವು ಕಂಡ ಊಟ ನಡೆಯುತ್ತಿದ್ದದ್ದು ಅಲ್ಲೇ. ಹಳೇ ಕಲ್ಲಿನ ಮನೆಗೆ ಗಾಜು ಅಂಟಿಸಿದ್ದು ಕೆಲವರಿಗೆ ಹಿಡಿಸಲ್ಲ. ನನಗೇನೋ ಸರಿ ಅನ್ನಿಸುತ್ತದೆ. ಎಲೆನ್ ವಿಲ್ಸನ್ ಮಾಡಿದ ತೋಟ ಊಟಕ್ಕೆ ಕೂತವರಿಗೆಲ್ಲ ಕಾಣುತ್ತದಲ್ಲ, ಸಾಕು.

ಮತ್ತೆ ಪ್ರೆಸಿಡೆಂಟರು ಹೋದದ್ದು ಎಲ್ಲಿಗೆ? ಕ್ಯಾಂಪಸ್ಸಿನಿಂದ ಪಶ್ಚಿಮಕ್ಕೆ, ನಡೆದು ಹೋಗುವಷ್ಟು ದೂರದಲ್ಲಿ ಸ್ಟಾಕ್ಟನ್ ಸ್ಟ್ರೀಟ್ ಇದೆ. ಅಲ್ಲಿನ ಲೌರಿ ಹೌಸ್. 1968ರಿಂದ ಅದೇ ಅಧಿಕೃತ ನಿವಾಸ. ಇದನ್ನು 1840ರ ದಶಕದಲ್ಲಿ ಕಮಡೋರ್ ರಾಬರ್ಟ್ ಸ್ಟಾಕ್ಟನ್ ಎಂಬ ನೌಕಾಪಡೆ ಅಧಿಕಾರಿ ತನ್ನ ಮಗನಿಗಾಗಿ ಕಟ್ಟಿಸಿದ. ಮಗನ ಹೆಸರು ಜಾನ್ ಪಾಟರ್ ಸ್ಟಾಕ್ಟನ್. ಪಾಟರ್! ಹೌದು, ಅದೇ ಪಾಟರ್. ಕಮಡೋರನ ಹೆಂಡತಿ ಹ್ಯಾರಿಯೆಟ್ ಪ್ರಾಸ್ಪೆಕ್ಟ್ ಕೊಂಡ ಜಾನ್ ಪಾಟರ್ ಅವರ ಮಗಳು. ಅಂದರೆ ಒಂದು ಬಂಗಲೆ ಹೆಂಡತಿಯ ತಮ್ಮನದ್ದು, ಇನ್ನೊಂದು ಮಗನದ್ದು. ನಕ್ಷೆಯೂ ಒಬ್ಬರದ್ದೇ, ನಾಟ್‌ಮನ್. ಮಾವನ ದುಡ್ಡಿಲ್ಲದಿದ್ದರೆ ಕಮಡೋರನ ದೊಡ್ಡ ಸಾಹಸವಾದ ಡೆಲವೇರ್–ರಾರಿಟನ್ ಕಾಲುವೆಯೂ ಏಳುತ್ತಿರಲಿಲ್ಲ. 1834ರಲ್ಲಿ ತೆರೆದ ಆ ಕಾಲುವೆ ಪ್ರಿನ್ಸ್‌ಟನ್ ಪಕ್ಕದಲ್ಲೇ ಹರಿಯುತ್ತದೆ. ಮುಂದಿನ ಸಲ ಹೋದಾಗ ಮಗಳಿಗೆ ಹೇಳಿ, ಅದರ ದಂಡೆ ಮೇಲೆ ವಾಕಿಂಗ್ ಚೆನ್ನಾಗಿದೆ.

ಲೌರಿ ಅನ್ನುವ ಹೆಸರು ಅಲ್ಲಿ ಕೊನೆಗಾಲಕ್ಕೆ ವಾಸ ಇದ್ದ ವಾಲ್ಟರ್ ಲೌರಿ ಅವರದ್ದು. ರೋಮ್‌ನಲ್ಲಿ ಅಮೆರಿಕನ್ ಚರ್ಚಿನ ಪಾದ್ರಿಯಾಗಿದ್ದು 1930ರಲ್ಲಿ ನಿವೃತ್ತಿಯಾಗಿ ಬಂದವರು. ನಿವೃತ್ತರು ಏನು ಮಾಡುತ್ತಾರೆ, ಪೇಪರ್ ಓದುತ್ತಾರೆ, ವಾಕಿಂಗ್ ಹೋಗುತ್ತಾರೆ. ಇವರು ಅರವತ್ತು ದಾಟಿದ ಮೇಲೆ ಡ್ಯಾನಿಶ್ ಭಾಷೆ ಕಲಿತು ಕೀರ್ಕೆಗಾರ್ಡ್ ಎಂಬ ತತ್ವಜ್ಞಾನಿಯ ಬರಹಗಳನ್ನು ಸಾಲುಸಾಲಾಗಿ ಇಂಗ್ಲಿಷಿಗೆ ತಂದರು. ಹೆಂಡತಿ ಬಾರ್ಬರಾ 1960ರಲ್ಲಿ ಗಂಡನ ನೆನಪಿಗೆ ಮನೆಯನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು. ಎಂಟು ವರ್ಷ ಅತಿಥಿಗೃಹವಾಗಿತ್ತು, ಆಮೇಲೆ ಗೊಹೀನ್ ಸಂಸಾರ ಬಂತು.

ಮೂರು ಮನೆಗಳನ್ನೂ ನಕ್ಷೆಯಲ್ಲಿ ಗುರುತು ಹಾಕಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದರಲ್ಲಿ ಪ್ರೆಸಿಡೆಂಟರು ಹುಡುಗರ ಎದುರು ಮನೆಯವರು. ಎರಡನೆಯದರಲ್ಲಿ ಬೇಲಿ ಆಚೆಯವರು. ಮೂರನೆಯದರಲ್ಲಿ ಬೇರೆ ಬೀದಿಯವರು. ಗೊಹೀನ್ ಬಿಟ್ಟದ್ದು ತಪ್ಪು ಅಂತ ನಾನು ಹೇಳಲ್ಲ, ಆರು ಮಕ್ಕಳ ತಂದೆ ಬೇರೇನು ಮಾಡಬೇಕಿತ್ತು? ಆದರೆ ಹಿಂದೆ ಹುಷಾರಿಲ್ಲದ ಹುಡುಗನ ಕೋಣೆಗೆ ಇಸಬೆಲ್ಲಾ ಮಕಾಶ್ ಸೆರಗು ಕಟ್ಟಿ ಹೊರಟ ಹಾಗೆ ಸ್ಟಾಕ್ಟನ್ ಸ್ಟ್ರೀಟಿನಿಂದ ಯಾರೂ ಹೊರಡಲ್ಲ. (ಸೆರಗು ನಾನು ಸೇರಿಸಿದ್ದು, ಕ್ಷಮಿಸಿ.) ಇನ್ನೂ ಒಂದು ದಾರಿ ಇತ್ತು, ಮನೆಯನ್ನೇ ಎತ್ತಿಕೊಂಡು ಹೋಗುವುದು. ನಗಬೇಡಿ. ವಿದ್ಯುತ್ಕಾಂತದ ಸಂಶೋಧನೆಗೆ ಹೆಸರಾದ ಜೋಸೆಫ್ ಹೆನ್ರಿ ಅವರ ಮನೆಯನ್ನು ಇದೇ ಕ್ಯಾಂಪಸ್ಸಿನಲ್ಲಿ ಮೂರು ಸಲ ಬೇರೆ ಬೇರೆ ಜಾಗಕ್ಕೆ ಸಾಗಿಸಿದ್ದಾರೆ. ಪ್ರಾಸ್ಪೆಕ್ಟಿನಂಥ ಕಲ್ಲಿನ ಗುಡ್ಡವನ್ನು ಯಾರು ಎತ್ತುತ್ತಾರೆ, ಅದು ಬೇರೆ ಮಾತು.

ಇನ್ನೊಮ್ಮೆ ಹೋದರೆ ಹಳದಿ ಮನೆ ಮುಂದೆ ಐದು ನಿಮಿಷ ನಿಲ್ಲಿ. ಎರಡು ಭಾರೀ ಸಿಕಮೋರ್ ಮರಗಳಿವೆ, ತೊಗಟೆ ಚಕ್ಕೆ ಚಕ್ಕೆ ಎದ್ದು ಒಳಗೆ ಬೂದು ಬಿಳುಪು ಕಾಣುತ್ತದೆ, ಸುಣ್ಣ ಉದುರಿದ ಗೋಡೆ ಹಾಗೆ. ಬ್ರಿಟಿಷರು ಇಲ್ಲಿನ ವಸಾಹತುಗಳ ಕಾಗದಪತ್ರಗಳ ಮೇಲೆ ಹೇರಿದ್ದ ಸ್ಟಾಂಪ್ ತೆರಿಗೆ ರದ್ದು ಮಾಡಿದ ಖುಷಿಗೆ 1766ರಲ್ಲಿ ನೆಟ್ಟವು ಅಂತ ಅಲ್ಲಿನವರು ಹೇಳುತ್ತಾರೆ. ಆದರೆ ಟ್ರಸ್ಟಿಗಳು ಮರ ತರಿಸಲು ಹೇಳಿದ್ದು 1765ರಲ್ಲಿ, ತೆರಿಗೆ ರದ್ದಾಗುವ ಮೊದಲೇ. ಕಥೆ ಆಮೇಲೆ ಅಂಟಿಕೊಂಡಿರಬೇಕು. ಖುಷಿಯೋ ಅಲ್ಲವೋ, 1766ರ ಆ ಆಗಸ್ಟಿನಲ್ಲಿ ಹರಾಜಿಗೆ ಜನ ಸೇರಿದಾಗ ಆ ಗಿಡಗಳು ಆಳೆತ್ತರ ಇದ್ದಿರಬಹುದು.

ಸರಿ, ತೀರ್ಪು. ಆ ಮನೆ ಕಾಲೇಜು ಪ್ರೆಸಿಡೆಂಟರದ್ದು, ಮಗಳು ಹೇಳಿದ್ದು ಸರಿ. ಅಲ್ಲಿ ವಿಲ್ಸನ್ ಇದ್ದರು, ಯಜಮಾನರು ಹೇಳಿದ್ದೂ ಸರಿ. ಇಲ್ಲಿಗೆ ಸಮ ಸಮ. ಆದರೆ ಬೇಲಿ ಹಾಕಿಸಿದ ವಿಲ್ಸನ್ ಇನ್ನೂ ದೇಶದ ಪ್ರೆಸಿಡೆಂಟಾಗಿರಲಿಲ್ಲ, ಅದಕ್ಕೆ ಇನ್ನೂ ಒಂಬತ್ತು ವರ್ಷ ಇತ್ತು, ಬೇಲಿ ಇದ್ದದ್ದು ಫುಟ್‌ಬಾಲ್ ಹುಡುಗರಿಂದ ಹೂವಿನ ಗಿಡ ಉಳಿಸಲು. ಐಸ್‌ಕ್ರೀಮ್ ನಿಮ್ಮ ಯಜಮಾನರೇ ಕೊಡಿಸಬೇಕು. ವೆಂಗುರ್ಲಾ ವಿಷಯ ಹೇಳಿ ಸಮಾಧಾನ ಮಾಡಿ.